ಎದ್ದು ಹೋಗದ ಅಕ್ಕೋರು

ಪರಮಪ್ರಸಾದದ ಹೊತ್ತಿಗೆ ನಮ್ಮ ದಾಂಡೇಲಿಯ ಚರ್ಚಿನಲ್ಲಿ ಬೆಂಚುಗಳು ಸಾಲು ಸಾಲಾಗಿ ಖಾಲಿಯಾಗುತ್ತವೆ. ಮುಂದಿನವರು ಎದ್ದು ಕೈಮುಗಿದು ನಡುದಾರಿಗೆ ಬರುತ್ತಾರೆ, ಫಾದರ್ ಮುಂದೆ ನಿಂತು ಆ ತೆಳ್ಳನೆಯ ಬಿಳಿ ರೊಟ್ಟಿಯನ್ನು ನಾಲಿಗೆಯ ಮೇಲೆ ತೆಗೆದುಕೊಂಡು ತಲೆ ತಗ್ಗಿಸಿ ತಮ್ಮ ಜಾಗಕ್ಕೆ ಮರಳುತ್ತಾರೆ. ಅದು ಯೇಸುವಿನ ದೇಹವೇ ಎಂದು ನಂಬಿದವರು ವಾರವೆಲ್ಲ ಕಾಯುವುದು ಆ ಗಳಿಗೆಗಾಗಿ. ಪೂಜೆಗೆ ಬಂದೂ ಅದನ್ನು ತೆಗೆದುಕೊಳ್ಳದೆ ಹೋಗುವುದೆಂದರೆ, ಮದುವೆಮನೆಗೆ ಬಂದು ಪಂಕ್ತಿಯಲ್ಲಿ ಕೂರದೆ ಗೋಡೆಗೆ ಒರಗಿ ನಿಂತ ಹಾಗೆ.

ಹೆಂಗಸರ ಬದಿಯ ಒಂದು ಬೆಂಚಿನ ತುದಿಯಲ್ಲಿ ಒಬ್ಬರು ಮಾತ್ರ ಎಷ್ಟೋ ವರ್ಷ ಏಳಲೇ ಇಲ್ಲ. ಒಳಗಿನವರು ದಾಟಿ ಹೋಗಲೆಂದು ಮೊಣಕಾಲು ಓರೆ ಮಾಡಿ ದಾರಿ ಬಿಡುತ್ತಿದ್ದರು. ಅವರೆಲ್ಲ ಮರಳಿ ಬಂದಾಗ ಮತ್ತೊಮ್ಮೆ ಬಿಡುತ್ತಿದ್ದರು. ನಡುವೆ ಬೆನ್ನು ನೆಟ್ಟಗೆ ಮಾಡಿ, ಮುಂದಿನ ಗೋಡೆಯ ಶಿಲುಬೆಯ ಕಡೆ ನೋಡುತ್ತ ಕೂತಿರುತ್ತಿದ್ದರು.

ಅವರು ತೀರಿಕೊಂಡು ವರ್ಷವಾಯಿತು. ಮಣ್ಣಿಗೆ ಬಂದವರೆಲ್ಲ, "ಕೊನಿಗೆ ಎಲ್ಲಾ ಸರಿ ಆತು, ದೇವರು ದೊಡ್ಡಾಂವ," ಎಂದರು. ಹೇಗೆ ಸರಿಯಾಯಿತು ಎಂಬುದನ್ನು ಕಂಡವಳು ನಾನೊಬ್ಬಳೇ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಊರು ಸಣ್ಣದು, ಹೆಸರು ಬರೆದರೆ ಇನ್ನೂ ಸಣ್ಣದಾಗುತ್ತದೆ. ಅವರು ಕಲಿಸುತ್ತಿದ್ದ ಹಳಿಯಾಳದ ಶಾಲೆಯ ಮಕ್ಕಳು ಕರೆಯುತ್ತಿದ್ದ ಹಾಗೆ ಅಕ್ಕೋರು ಎಂದೇ ಕರೆಯುತ್ತೇನೆ.

ನಾನು ಅವರನ್ನು ಮೊದಲು ಕಂಡದ್ದು ಧರ್ಮೋಪದೇಶದ ತರಗತಿಯಲ್ಲಿ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಪಡಸಾಲೆಯಲ್ಲಿ ಮಿಲ್ಲಿನ ಕೆಲಸಗಾರರ ಮಕ್ಕಳನ್ನೆಲ್ಲ ಕೂರಿಸಿಕೊಂಡು ಜಪ, ಕಟ್ಟಳೆ ಕಲಿಸುತ್ತಿದ್ದರು. ನಮ್ಮಪ್ಪ ಆಂಧ್ರದ ಕಡೆಯಿಂದ ಪೇಪರ್ ಮಿಲ್ಲಿಗೆ ಬಂದವನು, ಮನೆಯಲ್ಲಿ ತೆಲುಗು. ಅಕ್ಕೋರ ಮನೆಯಲ್ಲಿ ಕೊಂಕಣಿ. ತರಗತಿಯಲ್ಲಿ ಎಲ್ಲರಿಗೂ ಕನ್ನಡವೇ. ಅವರಿಗಾಗ ಇಪ್ಪತ್ತೈದು ದಾಟಿತ್ತೋ ಇಲ್ಲವೋ, ನಮಗೆ ಮಾತ್ರ ಪೋಪರಷ್ಟೇ ದೊಡ್ಡವರು. ಮೊದಲ ಪಾಪನಿವೇದನೆಗೆ ನಮ್ಮನ್ನು ತಯಾರು ಮಾಡುವಾಗ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಫಾದರ್ ಕಿವ್ಯಾಗ ಪಾಪ ಹೇಳಿದ್ರ ಮುಗೀತು ಅನಕೋಬ್ಯಾಡ್ರಿ. ಮಾಡಿದ್ದಕ್ಕ ದುಃಖ ಇರಬೇಕು. ದುಃಖ ಇಲ್ಲದ ಹೇಳಿದ್ರ ಅದು ನಿವೇದನೆ ಅಲ್ಲ, ಬರೇ ಸುದ್ದಿ."

ನನ್ನ ಪಕ್ಕದ ಹುಡುಗಿ, "ಬೆಲ್ಲ ಕದ್ದೀನ್ರಿ, ದುಃಖ ಬರವಲ್ದು," ಎಂದಳು. ಅಕ್ಕೋರು ನಗಲಿಲ್ಲ. "ಬರೂ ತನಕ ತಡಿ," ಎಂದರು. "ಸುಳ್ಳ ದುಃಖ ತಗೊಂಡು ಹೋಗಬ್ಯಾಡ. ಅಂವಾ ಗುರ್ತು ಹಿಡಿತಾನ."

ಅಂವಾ ಎಂದರೆ ದೇವರು. ದೇವರನ್ನು ಅವರು ಹೀಗೆ, ಒಳಗಿನ ಕೋಣೆಯಲ್ಲಿರುವ ಮನೆಯ ಗಂಡಸಿನಂತೆ ಮಾತನಾಡಿಸುತ್ತಿದ್ದರು.

ಸಂತರಂತಿದ್ದರು ಎಂದುಕೊಳ್ಳಬೇಡಿ. ಮೂಗಿನ ತುದಿಯಲ್ಲಿ ಸಿಟ್ಟು. ಗಾಯನದವರು ಶ್ರುತಿ ತಪ್ಪಿದರೆ ಕೂತಲ್ಲಿಂದಲೇ "ಏರಸ್ರಿ, ಏರಸ್ರಿ," ಎಂದು ಕೈ ಎತ್ತುತ್ತಿದ್ದರು. ರವಿಕೆ ಕೆಡಿಸಿದ ಟೇಲರ್ ಜೊತೆ ಸಾಯುವ ತನಕ ಮಾತಾಡಲಿಲ್ಲ. ಬಾಯಲ್ಲಿ ಸದಾ ಒಂದು ಲವಂಗ. ಹಳಿಯಾಳ ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿ ಕಂಡರೆ ಬಸ್ಸು ತಪ್ಪಿದರೂ ಚಿಂತೆಯಿಲ್ಲ. ಮುಂದೆ ನಾನೂ ಅದೇ ಶಾಲೆಯಲ್ಲಿ ಮಾಸ್ತರಿಕೆಗೆ ಸೇರಿದಾಗ ದಾಂಡೇಲಿಯಿಂದ ಹಳಿಯಾಳಕ್ಕೆ ದಿನಾ ಒಂದೇ ಬಸ್ಸು, ಒಂದೇ ಸೀಟು. ಅವರನ್ನು ನಾನು ಅರಿತದ್ದೆಲ್ಲ ಆ ಸೀಟಿನಲ್ಲಿ. ಡ್ರೈವರ್ ಸಿಕ್ಕಾಪಟ್ಟೆ ಓಡಿಸಿದರೆ ಅವನನ್ನು ಮರಾಠಿಯಲ್ಲಿ ಬಯ್ದು, ನನ್ನ ಕಡೆ ತಿರುಗಿ ಕನ್ನಡದಲ್ಲಿ ಮಾತು ಮುಂದುವರಿಸುತ್ತಿದ್ದರು.

ಅವರಿಗೆ ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿತ್ತು. ಗಂಡ ಗೋವಾದ ಕಡೆಯವನು, ಹಡಗಿನ ಕೆಲಸ. ಚರ್ಚಿನಲ್ಲಿ ಎಲ್ಲ ವಿಧಿಯಿಂದ ನಡೆದ ಮದುವೆ. ಎರಡು ಸಲ ರಜೆಗೆ ಬಂದ, ಮೂರನೆಯ ಸಲ ಬರಲಿಲ್ಲ. ವಾಸ್ಕೋದಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿದ್ದಾನೆಂದು, ಮಗುವೂ ಇದೆಯೆಂದು ತಿಳಿಯಿತು. ಅಕ್ಕೋರು ಒಮ್ಮೆ ಹೋಗಿ ಬಾಗಿಲ ತನಕ ನಿಂತು, ಒಳಗೆ ಮಗು ಅಳುವುದನ್ನು ಕೇಳಿ, ತಟ್ಟದೆ ಮರಳಿ ಬಂದರು. ಕೆಲವು ವರ್ಷಗಳ ಮೇಲೆ ಸರ್ಕಾರಿ ಕೋರ್ಟು ವಿಚ್ಛೇದನ ಕೊಟ್ಟಿತು. ಅವನು ಒಂದು ಸಲವೂ ಹಾಜರಾಗಲಿಲ್ಲ.

ಆದರೆ ಚರ್ಚಿಗೆ ಆ ತೀರ್ಪು ತೀರ್ಪಲ್ಲ. ಗಂಡ ಬದುಕಿರುವ ತನಕ ಹೆಂಡತಿ ಹೆಂಡತಿಯೇ. ಬಿಡುಗಡೆಗೆ ಒಂದೇ ದಾರಿ. ಆ ಮದುವೆ ಮೊದಲಿನಿಂದಲೇ ಮದುವೆಯಾಗಿರಲಿಲ್ಲ ಎಂದು ಬಿಷಪ್ಪರ ಕಚೇರಿಯ ನ್ಯಾಯಪೀಠದ ಮುಂದೆ ತೋರಿಸಬೇಕು. ಅಕ್ಕೋರು ಅರ್ಜಿ ಹಾಕಿದರು. ವಿಚಾರಣೆಗೆ ಕರೆ ಬಂತು. ಅಲ್ಲಿದ್ದ ಹಿರಿಯ ಪಾದ್ರಿ ಕರುಣೆಯ ಮನುಷ್ಯ. ಮದುವೆಯ ದಿನ ಅವನಿಗೆ ನಿಮ್ಮ ಜೊತೆ ಬಾಳುವ ಮನಸ್ಸಿತ್ತೇ ಎಂದು ಕೇಳಿದರು. ಕೇಳಿ, ಉತ್ತರ ಬರುವ ಮೊದಲೇ, "ಯೋಚನೆ ಮಾಡಿ ಹೇಳಮ್ಮ. ಇರಲಿಲ್ಲ ಅಂತ ನಿಮಗೆ ಅನಿಸಿದರೆ ದಾರಿ ಸುಲಭ," ಎಂದರಂತೆ.

"ನೀವೇನಂದ್ರಿ?" ಎಂದು ನಾನು ಬಸ್ಸಿನಲ್ಲಿ ಕೇಳಿದೆ.

"ಇತ್ತು ಅಂದೆ. ಆವತ್ತು ಪೀಠದ ಮುಂದ ಅಂವನ ಕಣ್ಣಾಗ ನೀರು ಬಂದಿದ್ದು ನಾ ನೋಡೀನಿ. ಮುಂದ ಕೆಟ್ಟ. ಆದ್ರ ಆವತ್ತು ಖರೇನ ಇದ್ದ."

"ಅಕ್ಕೋರ, ಒಂದ ಮಾತು ತಿರುಗಿಸಿದ್ರ ಮುಗೀತಿತ್ತಲ್ಲ."

"ಬೈಬಲ್ ಮ್ಯಾಲೆ ಕೈ ಇಟ್ಟಿದ್ದೆ ಹುಡುಗಿ," ಎಂದರು. ಕಿಟಕಿಯ ಹೊರಗೆ ನೋಡುತ್ತ ಲವಂಗವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಹಾಯಿಸಿದರು.

ಅರ್ಜಿ ತಿರಸ್ಕಾರವಾಯಿತು. ಒಳಗಿನಿಂದ ಚಿಲಕ ಹಾಕಿಕೊಂಡದ್ದು ಅವರೇ ಎಂದು ನನಗೆ ಆಗಲೇ ಅನಿಸಿತ್ತು.

ಸರ್ವೇಯರ್ ಸಾಹೇಬರು ಅವರ ಬದುಕಿಗೆ ಬಂದದ್ದು ನಮ್ಮ ಶಾಲೆಯ ಮೈದಾನ ಅಳೆಯಲು ಬಂದಾಗ. ಮುಂಡಗೋಡದ ಕಡೆಯ ಒಂದು ಹಳ್ಳಿಯ ಲಿಂಗಾಯತ ಒಕ್ಕಲುಮನೆಯವರು, ಜೊಯಿಡಾದ ಸರ್ಕಾರಿ ಕಚೇರಿಯಲ್ಲಿ ಕೆಲಸ. ಹೆಂಡತಿ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಹಣೆಯಲ್ಲಿ ಮೂರು ಗೆರೆ ವಿಭೂತಿ, ಅಂಗಿಯೊಳಗೆ ಲಿಂಗ, ಇಡೀ ತಾಲೂಕು ಕಾಡು ತಿರುಗಿ ಕಪ್ಪಾದ ಮುಖ. ಬೇಲಿ ಹಾಕುವ ವಿಷಯಕ್ಕೆ ಅಕ್ಕೋರು ಅವರೊಡನೆ ಜಗಳ ತೆಗೆದರು. ಅವರು ತಿರುಗಿ ಜಗಳಾಡಲಿಲ್ಲ. ಅಳತೆಯ ಸರಪಳಿಯ ಇನ್ನೊಂದು ತುದಿಯನ್ನು ಅಕ್ಕೋರ ಕೈಗೇ ಕೊಟ್ಟು, "ನೀವ ಹಿಡೀರಿ ಬಾಯಾರ, ನೋಡೂಣು," ಎಂದರು. ಅಳತೆ ಅವರು ಹೇಳಿದಷ್ಟೇ ಬಂತು. ಅಕ್ಕೋರು ಸೋತರು. ನಾನು ಕಂಡ ಹಾಗೆ ಅವರು ನಗುತ್ತ ಸೋತದ್ದು ಅದೊಂದೇ ಸಲ.

ಸಾಹೇಬರು ಮದುವೆಯ ಮಾತೆತ್ತಿದಾಗ ಅಕ್ಕೋರು ಎರಡು ವರ್ಷ ಅವರನ್ನು ಕಾಯಿಸಿದರು. ನಡುವೆ ಮತ್ತೊಮ್ಮೆ ಬಿಷಪ್ಪರಿಗೆ ಬರೆದರು, ಉತ್ತರ ಅದೇ. ಕೊನೆಗೆ ಒಂದು ಬೆಳಗ್ಗೆ ಬಸ್ಸಿನಲ್ಲಿ, "ನಾಳೆ ರಜಿಸ್ಟ್ರಾರ್ ಆಫೀಸಿಗೆ ಬರ್ತೀಯೇನು? ಸಾಕ್ಷಿ ಬೇಕು," ಎಂದರು. ಬಂಗೂರನಗರದ ಮನೆಯಲ್ಲಿ ಅವರ ಜೊತೆಗಿದ್ದ ತಾಯಿಗೆ ವಿಷಯ ಹೇಳಿದರಂತೆ. ಬೆಳ್ಳುಳ್ಳಿ ಸುಲಿಯುತ್ತಿದ್ದವರು ಸುಲಿದು ಮುಗಿಸಿ, ಎದ್ದು ತಮ್ಮ ಸೀರೆಗಳನ್ನು ಮಡಚತೊಡಗಿದರಂತೆ. ಅದೇ ವಾರ ಗೋವಾದ ಮಗನ ಮನೆಗೆ ಹೋದವರು ಮರಳಿ ಬರಲಿಲ್ಲ.

ಸಹಿ ಹಾಕಿದ ಮೇಲೆ ನಾವು ಮೂವರೂ ಕುಳಗಿಗೆ ಹೋಗಿ ಅರಣ್ಯ ಇಲಾಖೆಯ ಕ್ಯಾಂಪಿನ ಹತ್ತಿರ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಅಕ್ಕೋರು ಊಟದ ಮುಂಚೆ ಶಿಲುಬೆಯ ಗುರುತು ಹಾಕಲು ಕೈ ಹಣೆಗೆ ಒಯ್ದರು, ಅರ್ಧಕ್ಕೇ ನಿಲ್ಲಿಸಿದರು. ಸಾಹೇಬರು ತುತ್ತು ಹಿಡಿದುಕೊಂಡು ಕಾಯುತ್ತಿದ್ದರು. "ಹಾಕ್ರಿ, ಹಾಕ್ರಿ. ಅದಕ್ಯಾರೂ ಬ್ಯಾಡ ಅಂದಿಲ್ಲಲ್ಲ," ಎಂದರು. ಅಕ್ಕೋರು ಪೂರ್ತಿ ಹಾಕಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಜಾಸ್ತಿ ಖಾರವಾಯಿತು ಎಂದರು.

ಮುಂದಿನ ಭಾನುವಾರವೇ ಅಂದಿನ ಪಾದ್ರಿಗಳು ಕರೆದು, ಇನ್ನು ಮಕ್ಕಳಿಗೆ ಕಲಿಸುವುದು ಬೇಡ ಎಂದರು. ಪರಮಪ್ರಸಾದಕ್ಕೂ ಬರುವಂತಿಲ್ಲ, ಅದು ನಿಮಗೇ ಗೊತ್ತಲ್ಲ ಎಂದರು. ಗೊತ್ತಿತ್ತು. ಎಷ್ಟೋ ಮಕ್ಕಳಿಗೆ ಆ ನಿಯಮವನ್ನು ಬಾಯಿಪಾಠ ಮಾಡಿಸಿದವರೇ ಅವರು. ಅವತ್ತಿನಿಂದ ಆ ಬೆಂಚಿನ ತುದಿಯಲ್ಲಿ ಕೂರಲು ಶುರುಮಾಡಿದರು.

ಮೊದಲ ವರ್ಷ ಸಾಹೇಬರು ಸ್ಕೂಟರಿನಲ್ಲಿ ತಂದು ಬಿಟ್ಟು, ಹೊರಗೆ ನೆರಳಿನಲ್ಲಿ ಪೇಪರ್ ಓದುತ್ತ ಕಾಯುತ್ತಿದ್ದರು. ಒಂದು ಭಾನುವಾರ ಬಾಗಿಲಿನಿಂದ ಏನು ನೋಡಿದರೋ, ಎಲ್ಲರೂ ಎದ್ದು ಸಾಲುಗಟ್ಟಿದ ಹೊತ್ತಿಗೆ ಚಪ್ಪಲಿ ಬಿಟ್ಟು ಒಳಗೆ ಬಂದು, ಹೆಂಗಸರ ಬದಿ ಎಂಬುದನ್ನೂ ಲೆಕ್ಕಿಸದೆ, ಖಾಲಿ ಬೆಂಚಿನಲ್ಲಿ ಹೆಂಡತಿಯ ಪಕ್ಕ ಕೂತುಬಿಟ್ಟರು. ಹಣೆಯಲ್ಲಿ ವಿಭೂತಿ ಹಾಗೇ ಇತ್ತು. ಗಾಯನದವರು ಒಂದು ಸಾಲು ಮರೆತರು. ನಾನು ಅದನ್ನು ಕೇಳಿ ಮರುದಿನ ಸಾಹೇಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೆಣಕಿದೆ. ಅವರು ನಾಚಿಕೊಂಡರು. "ಒಬ್ಬಾಕಿನ ಕುಂತ್ರ ಎಲ್ಲಾರ ಕಣ್ಣು ಅಲ್ಲೇ ಬೀಳ್ತಾವ್ರಿ. ಇಬ್ಬರು ಕುಂತ್ರ ಯಾರೋ ಕುಂತಾರ ಅನ್ನಸ್ತೈತಿ." ಆಮೇಲೆ ಅವರು ಬದುಕಿರುವ ತನಕ ಆ ಹೊತ್ತಿಗೆ ತಪ್ಪದೆ ಒಳಗೆ ಬಂದು ಕೂರುತ್ತಿದ್ದರು. ಯಾರೂ ಬೇಡ ಎನ್ನಲಿಲ್ಲ.

ಹೊರಗೆ ಹೋಗಲು ಬಾಗಿಲುಗಳೇನೂ ಕಡಿಮೆ ಇರಲಿಲ್ಲ. ಮುಂಡಗೋಡದ ಹಳ್ಳಿಯಲ್ಲಿ ಸಾಹೇಬರ ಅಣ್ಣ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. "ಸ್ವಾಮಿಗಳ ಕಡೆ ಲಿಂಗದೀಕ್ಷೆ ತಗೋರಿ ತಂಗಿ. ನಮ್ಮನಿ ಸೊಸಿ ಆಗ್ತೀರಿ, ಯಾರ ಮುಂದೂ ತೆಲಿ ಬಗ್ಗಸೂದ ಬ್ಯಾಡ." ಅಕ್ಕೋರು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ, "ಕೊಳ್ಳಾಗ ಕಟ್ಟಿಕೊಂಡು ಮನಸಿನ್ಯಾಗ ಬ್ಯಾರೇ ಜಪ ಮಾಡಿದ್ರ ನಿಮ್ಮ ಲಿಂಗಕ್ಕ ಅಪಮಾನ ಆಗ್ತೈತ್ರಿ," ಎಂದರು. ಅಣ್ಣ ಮತ್ತೆ ಆ ಮಾತು ಎತ್ತಲಿಲ್ಲ. ಸೀರೆ ಮಾತ್ರ ಪ್ರತಿ ವರ್ಷ ಕಳಿಸುತ್ತಿದ್ದರು.

ಊರಿನಲ್ಲಿ ಹೊಸದಾಗಿ ಶುರುವಾಗಿದ್ದ ಪ್ರಾರ್ಥನಾ ಸಭೆಯ ಪಾಸ್ಟರ್ ಒಬ್ಬರು ಬಸ್ಸಿನಲ್ಲಿ ನಮ್ಮ ಹಿಂದಿನ ಸೀಟಿನಲ್ಲಿ ಕೂತು ಕೇಳಿದರು. "ಸಿಸ್ಟರ್, ನಮ್ಮಲ್ಲಿ ಬರ್ರಿ. ಹಳೇದೆಲ್ಲ ಯಾರೂ ಕೇಳೂದಿಲ್ಲ. ರೊಟ್ಟಿ, ದ್ರಾಕ್ಷಾರಸ ಎಲ್ಲಾರಿಗೂ ಐತಿ." ನಮ್ಮ ಚರ್ಚಿನ ಎಷ್ಟೋ ಮನೆಗಳು ಆಗಲೇ ಅಲ್ಲಿಗೆ ಹೋಗಿದ್ದವು. ಅಲ್ಲಿ ಹೆಸರು ಹಿಡಿದು ಕರೆಯುತ್ತಾರೆ, ರೋಗಿಯ ತಲೆಯ ಮೇಲೆ ಕೈ ಇಟ್ಟು ಅಳುತ್ತಾರೆ, ಮಿಲ್ಲಿನಲ್ಲಿ ಕೆಲಸ ಹೋದವನ ಮನೆಗೆ ಹುಡುಕಿಕೊಂಡು ಬರುತ್ತಾರೆ. ಹೋದವರನ್ನು ನಾನು ಬಯ್ಯಲಾರೆ. ಅಕ್ಕೋರೂ ಬಯ್ಯಲಿಲ್ಲ. "ನಿಮ್ಮ ರೊಟ್ಟಿ ರೊಟ್ಟೀನ ಅಂತೀರಿ, ಹೌದಿಲ್ರಿ?" ಎಂದು ಕೇಳಿದರು. ಹೌದು, ಅದು ಬರೀ ನೆನಪಿಗಾಗಿ ಎಂದರು ಪಾಸ್ಟರ್. "ಹಂಗಾರ ನನ್ನ ಹಸಿವು ಬ್ಯಾರೇದ್ರಿ," ಎಂದು ಅಕ್ಕೋರು ಮುಂದೆ ತಿರುಗಿದರು.

ಪಾದ್ರಿಗಳೇ ತೋರಿಸಿದ ದಾರಿಯೂ ಒಂದಿತ್ತು. ಒಂದೇ ಮನೆಯಲ್ಲಿರಿ, ಆದರೆ ಅಣ್ಣ ತಂಗಿಯಂತಿರಿ, ಆಗ ಗುಟ್ಟಾಗಿ ಬೇರೆ ಊರಿನ ಚರ್ಚಿನಲ್ಲಿ ಪರಮಪ್ರಸಾದ ತೆಗೆದುಕೊಳ್ಳಬಹುದು ಎಂದರು. ಅಕ್ಕೋರು ಮನೆಗೆ ಬಂದು ಸಾಹೇಬರಿಗೆ ಹೇಳಿದರು. ಅವರು ನಗುತ್ತಾರೆಂದುಕೊಂಡಿದ್ದರು. ಸಾಹೇಬರು ಗಂಭೀರವಾಗಿ ಯೋಚಿಸಿ, "ಇರೂಣು. ನಿನಗ ಸಮಾಧಾನ ಆಗೂದಿದ್ರ ಇರೂಣು," ಎಂದು ಹಾಸಿಗೆ ಎತ್ತಿಕೊಂಡು ಪಡಸಾಲೆಗೆ ಹೋದರು. ಅದು ತಪಸ್ಸಿನ ಕಾಲ, ಈಸ್ಟರ್ ಮುಂಚಿನ ಉಪವಾಸದ ದಿನಗಳು.

"ಆಮ್ಯಾಲೆ?" ಎಂದೆ.

ಕಂಡಕ್ಟರ್ ನಮ್ಮ ಸೀಟಿನ ಹತ್ತಿರವೇ ಇದ್ದ. ಅವನು ಹಿಂದೆ ಹೋಗುವ ತನಕ ತಡೆದು, ಕಿವಿಯ ಹತ್ತಿರ ಬಗ್ಗಿ ಹೇಳಿದರು. "ಅವರು ಗಟ್ಟಿ ಇದ್ರು. ನನ್ನ ಕಡೆಯಿಂದ ಆಗಲಿಲ್ಲ. ಈಸ್ಟರ್ ಇನ್ನೂ ದೂರ ಇತ್ತು." ಹೇಳಿ ಇಡೀ ಬಸ್ಸಿಗೆ ಕೇಳುವಂತೆ ನಕ್ಕರು. ನಗುತ್ತ ನಗುತ್ತ ಕಣ್ಣು ಒದ್ದೆಯಾದವು.

ಆ ವರ್ಷಗಳಲ್ಲಿ ನಾನು ಚರ್ಚು ಬಿಟ್ಟಿದ್ದೆ. ಬಿಟ್ಟೆ ಎಂದರೆ ದೊಡ್ಡ ಮಾತಾಯಿತು. ಹಳಿಯಾಳದ ಮರಾಠಾ ಮನೆತನದ ಸಹೋದ್ಯೋಗಿಯನ್ನು ರಜಿಸ್ಟರ್ ಮದುವೆಯಾದೆ. ಒಂದು ಭಾನುವಾರ ಮಗುವಿಗೆ ಜ್ವರ, ಇನ್ನೊಂದು ಭಾನುವಾರ ನೆಂಟರು. ಆಮೇಲೆ ಕಾರಣ ಹುಡುಕುವ ಅಗತ್ಯವೂ ಬೀಳಲಿಲ್ಲ. ಯಾರೂ ಬಂದು ಕೇಳಲಿಲ್ಲ, ನನಗೂ ಏನೂ ಕಳೆದುಕೊಂಡಂತೆ ಅನಿಸಲಿಲ್ಲ. ನನ್ನದೂ ಅಕ್ಕೋರದೂ ಒಂದೇ ಬಗೆಯ ಮದುವೆ. ನಾನು ಗಾಳಿಯಲ್ಲಿ ತೇಲಿ ಹೊರಬಂದಿದ್ದೆ, ಅವರು ಒಳಗೆ ಕಲ್ಲಿನಂತೆ ಕೂತಿದ್ದರು. ನನಗೆ ಸಿಟ್ಟು ಬರುತ್ತಿತ್ತು.

"ಅವಮಾನ ಮಾಡಸ್ಕೊಳ್ಳಾಕ ವಾರಾ ವಾರಾ ಯಾಕ ಹೋಗ್ತೀರಿ ಅಕ್ಕೋರ? ಬಿಟ್ಟುಬಿಡ್ರಿ," ಎಂದೆ ಒಮ್ಮೆ.

"ನೀ ಯಾಕ ಬಿಟ್ಟಿ?"

"ಹೋದ್ರೂ ಏನೂ ಅನಸ್ತಿರಲಿಲ್ಲ, ಬಿಟ್ರೂ ಏನೂ ಅನಸಲಿಲ್ಲ."

"ನನಗ ಅನಸ್ತೈತಿ. ಅಷ್ಟ ಫರಕು." ತಾವೇ ಮುಂದುವರಿಸಿದರು. "ಅಲ್ಲಿ ಅಂವ ಅದಾನ. ಖರೇನ ಅದಾನ. ನನಗ ಕೊಡವಲ್ರು, ಆದ್ರ ಅಂವ ಅಲ್ಲಿ ಇರೂದು ಸುಳ್ಳಲ್ಲ. ಅಂವ ಇಲ್ಲ ಅಂತ ಅನಿಸಿದ್ದಿದ್ರ ನಾಳೇನ ಬಿಡ್ತಿದ್ದೆ. ನನಗೂ ಸುಖ ಆಗ್ತಿತ್ತು. ಏನ ಮಾಡ್ಲಿ, ಅನಸವಲ್ದು."

ಜನ ನಂಬಿಕೆಯನ್ನು ಆಸರೆ ಎನ್ನುತ್ತಾರೆ. ಅಕ್ಕೋರಿಗೆ ಅದು ಆಸರೆಯಾಗಿದ್ದನ್ನು ನಾನು ಕಾಣಲಿಲ್ಲ. ನಂಬಿಕೆ ಕಡಿಮೆಯಿದ್ದವರು ಹೊರಗೆ ಹೋಗಿ ಹಾಯಾಗಿದ್ದರು. ನಿಯಮವನ್ನು ಸ್ವಲ್ಪ ಬಾಗಿಸಬಲ್ಲವರು ಒಳಗಿದ್ದು ಹಾಯಾಗಿದ್ದರು. ಇವರಿಗೆ ಎರಡೂ ಬರಲಿಲ್ಲ.

ಸಾಹೇಬರು ಹೋದದ್ದು ಜೊಯಿಡಾದ ಒಳಗಿನ ಒಂದು ಊರಿನಲ್ಲಿ, ಅಳತೆಯ ಕೆಲಸದ ನಡುವೆ. ಎದೆ ಹಿಡಿದುಕೊಂಡು ಕೂತರಂತೆ. ಬಸ್ಸು ಅಪರೂಪದ ಆ ದಾರಿಯಲ್ಲಿ ಜೀಪು ಸಿಕ್ಕು ಆಸ್ಪತ್ರೆಗೆ ತರುವಷ್ಟರಲ್ಲಿ ಮುಗಿದಿತ್ತು. ಮುಂಡಗೋಡದ ಹೊಲದಲ್ಲಿ ಅವರ ಪದ್ಧತಿಯಂತೆ ಮಣ್ಣು ಮಾಡಿದರು. ಮರಳಿ ಬರುವಾಗ ಅಕ್ಕೋರು ಒಂದೇ ಮಾತು ಆಡಿದರು. "ಕುಂದರಸಿ ಇಟ್ರು ನೋಡು. ಆರಾಮ ಕುಂತಿದ್ರು."

ಹದಿನೈದು ದಿನ ಕಳೆಯುವ ಮೊದಲೇ ಚರ್ಚಿನ ಹೆಂಗಸರು ಮನೆಗೆ ಬಂದು ಸಮಾಧಾನ ಹೇಳಿದರು. ನಾನು ಅಲ್ಲೇ ಚಹಾ ಮಾಡುತ್ತಿದ್ದೆ. ಅವರಲ್ಲೊಬ್ಬರು ಪ್ರೀತಿಯಿಂದಲೇ, "ದೇವರು ಏನೋ ದಾರಿ ಮಾಡ್ತಾನ. ಇನ್ನ ನಿಮಗ ಅಡ್ಡಿ ಇಲ್ಲಲ್ಲ," ಎಂದರು. ಅಕ್ಕೋರು ಕೈಯಲ್ಲಿದ್ದ ಬಟ್ಟಲನ್ನು ನೆಲಕ್ಕಿಟ್ಟರು. "ಅಡ್ಡಿ," ಎಂದರು. ಅಷ್ಟೇ. ಹೆಂಗಸರು ಬೇಗ ಎದ್ದರು.

ಆದರೆ ಮಾತು ನಿಜವಾಗಿತ್ತು. ಈಗ ಅವರು ಯಾರ ಜೊತೆಗೂ ಬಾಳುತ್ತಿರಲಿಲ್ಲ. ಒಂದು ಪಾಪನಿವೇದನೆ ಮಾಡಿದರೆ ಸಾಕು, ಎದ್ದು ಸಾಲಿನಲ್ಲಿ ನಿಲ್ಲಬಹುದು. ಹೊಸದಾಗಿ ಬಂದಿದ್ದ ಕರಾವಳಿಯ ಕಡೆಯ ಯುವ ಫಾದರ್ ತಾವೇ ಮನೆಗೆ ಬಂದು ಕರೆದರು. ಮೃದು ಮನುಷ್ಯ, ಪುಸ್ತಕದ ಕನ್ನಡ. ಅಕ್ಕೋರು ಮೂರು ತಿಂಗಳು ಯೋಚಿಸಿದರು. ತಪಸ್ಸಿನ ಕಾಲದ ಒಂದು ಶುಕ್ರವಾರ ಮಧ್ಯಾಹ್ನ, ಮೊಣಕಾಲು ನೋವು ಎಂದು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಅಷ್ಟು ವರ್ಷಗಳ ಮೇಲೆ ನಾನು ಚರ್ಚಿನೊಳಗೆ ಕೂತಿದ್ದೆ. ನಿವೇದನೆಯ ಪೆಟ್ಟಿಗೆಯ ಪರದೆಯಾಚೆ ಅವರ ಪಿಸುಮಾತು ಬಹಳ ಹೊತ್ತು ನಡೆಯಿತು. ಹೊರಗೆ ಬಂದವರ ಮುಖ ನೋಡಿಯೇ ನನಗೆ ತಿಳಿಯಿತು.

ಮೆಟ್ಟಿಲ ಮೇಲೆ ಕೂತು ಹೇಳಿದರು. "ಎಲ್ಲಾ ಹೇಳಿದೆ. ಸಿಟ್ಟು ಹೇಳಿದೆ, ಅವ್ವನ ಮ್ಯಾಲಿನ ಹಟ ಹೇಳಿದೆ, ಆ ಟೇಲರ್‌ನ ಸುದ್ದಿ ಸುದ್ದಾ ಹೇಳಿದೆ. ಮತ್ತೇನಾದರೂ ಇದೆಯೇ ಅಂತ ಕೇಳಿದ್ರು. ಅವರ ಜೋಡಿ ಬಾಳೇ ಮಾಡಿದ್ದು ಐತ್ರಿ, ಆದ್ರ ಅದಕ್ಕ ನನಗ ದುಃಖ ಇಲ್ಲ ಅಂದೆ."

"ಮತ್ತೇನೂ ಇಲ್ಲ ಅಂದುಬಿಡಬೇಕಿಲ್ಲೇನು? ಆ ಫಾದರ್ ಬಿಟ್ಟಬಿಡ್ತಿದ್ರು."

"ಬಿಡ್ತಿದ್ರು. ಒಳ್ಳೇ ಹುಡುಗ. 'ಅಮ್ಮಾ, ದುಃಖ ಕೊಡು ಎಂದು ದೇವರಲ್ಲಿ ಬೇಡಿಕೊಳ್ಳಿ' ಅಂದ. ನಾ ಅಂದೆ, ಅದನ್ನ ಕೊಡಬ್ಯಾಡ ಅಂತ ದಿನಾ ಬೇಡಕೊಳ್ತೇನಿ ಅಂತ."

ಕ್ಷಮೆ ಸಿಗಲಿಲ್ಲ. ದುಃಖವಿಲ್ಲದವರಿಗೆ ಕ್ಷಮೆ ಕೊಡಲು ಬರುವುದಿಲ್ಲ. ಮುಂದಿನ ಭಾನುವಾರ ಅಕ್ಕೋರು ಮತ್ತೆ ಬೆಂಚಿನ ತುದಿಯಲ್ಲಿ ಕೂತರು. ಈಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಫಾದರ್ ಒಮ್ಮೆ ಪೇಟೆಯಲ್ಲಿ ನನಗೆ ಸಿಕ್ಕು, "ಹಂಚುವಾಗ ಆ ಕಡೆ ನೋಡಬಾರದು ಅಂದುಕೊಳ್ಳುತ್ತೇನೆ, ಕಣ್ಣು ಅಲ್ಲಿಗೇ ಹೋಗುತ್ತದೆ. ನೀವಾದರೂ ಹೇಳಿ ಅವರಿಗೆ," ಎಂದರು. ನಾನು ಏನು ಹೇಳಲಿ? ನಾನು ಚರ್ಚಿನ ಪಾಲಿಗೆ ಎಂದೋ ಹೊರಗಿನವಳು.

ನಿವೃತ್ತಿಯಾದ ಕೆಲವೇ ತಿಂಗಳಲ್ಲಿ ಅಕ್ಕೋರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಬುದ್ಧಿ ಸ್ಪಷ್ಟವಾಗಿದೆ, ಹೇಳಿದ್ದೆಲ್ಲ ತಿಳಿಯುತ್ತದೆ ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ಹಗಲು ನಾನಿರುತ್ತಿದ್ದೆ. ಎಡಗೈಯಿಂದ ಚಾದರದ ಅಂಚನ್ನು ಹಿಡಿದು ಬಿಡುತ್ತ, ಹಿಡಿದು ಬಿಡುತ್ತ ಇರುತ್ತಿದ್ದರು. ಕೊಂಕಣಿ, ಕನ್ನಡ, ಮರಾಠಿ ಮೂರರಲ್ಲೂ ಜಗಳಾಡುತ್ತಿದ್ದ ಬಾಯಿಂದ ಒಂದು ಬಗೆಯ ಉಸಿರು ಮಾತ್ರ ಬರುತ್ತಿತ್ತು.

ಇನ್ನು ಬಹಳ ದಿನವಿಲ್ಲ ಎಂದು ತಿಳಿದ ಮೇಲೆ ಒಂದು ಮಧ್ಯಾಹ್ನ ಫಾದರ್ ಬಂದರು. ಅಕ್ಕೋರ ಹಣೆಗೆ ಪವಿತ್ರ ಎಣ್ಣೆ ಹಚ್ಚಿದರು. ಆಮೇಲೆ ಮಂಚದ ಬಲಗಡೆ ಸ್ಟೂಲು ಎಳೆದುಕೊಂಡು ಕೂತು, ಅವರ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು. ನಾನು ಎದ್ದು ಹೊರಗೆ ಹೊರಟೆ. ಫಾದರ್ ಕೂತಿರಿ ಎಂಬಂತೆ ಕಣ್ಣಲ್ಲೇ ಸನ್ನೆ ಮಾಡಿದರು.

"ಅಮ್ಮಾ, ಮಾತಾಡಬೇಕಿಲ್ಲ," ಎಂದರು. "ಬದುಕಿನಲ್ಲಿ ಮಾಡಿದ ಎಲ್ಲ ಪಾಪಗಳಿಗೂ ದುಃಖವಿದೆ ಎಂದಾದರೆ ನನ್ನ ಕೈಯನ್ನು ಸ್ವಲ್ಪ ಒತ್ತಿ."

ಅಕ್ಕೋರು ಅವರನ್ನೇ ನೋಡುತ್ತಿದ್ದರು. ಚಾದರದ ಅಂಚಿನ ಮೇಲೆ ಎಡಗೈ ಬಿಗಿಯಾಯಿತು. ಬಲಗೈ ಫಾದರ್ ಕೈಯೊಳಗೆ ಒದ್ದೆ ಬಟ್ಟೆಯಂತೆ ಬಿದ್ದಿತ್ತು. ಫಾದರ್ ಸ್ವಲ್ಪ ಹೊತ್ತು ಕಾದರು.

"ಒತ್ತಿದರು," ಎಂದರು. ನನಗೆ ಹೇಳಿದರೋ, ದೇವರಿಗೆ ಹೇಳಿದರೋ. ಕೈ ಎತ್ತಿ ಕ್ಷಮೆಯ ಮಂತ್ರವನ್ನು ಪೂರ್ತಿ ಹೇಳಿದರು. ಚಿಕ್ಕ ಡಬ್ಬಿ ತೆಗೆದು, ಬಿಳಿ ರೊಟ್ಟಿಯಲ್ಲಿ ಒಂದು ಚೂರು ಮುರಿದು, ಅರೆತೆರೆದ ಬಾಯಲ್ಲಿ ಇಟ್ಟರು. ಆಮೇಲೆ ತಲೆ ತಗ್ಗಿಸಿ ಬೇಗ ಹೊರಗೆ ನಡೆದರು.

ನಾನು ವರಾಂಡದಲ್ಲಿ ಅವರನ್ನು ಹಿಡಿದೆ. "ಫಾದರ್, ಅದು ಬಲಗೈ. ಅದರಲ್ಲಿ ಜೀವ ಇಲ್ಲ."

"ಗೊತ್ತು," ಎಂದರು. ಕಣ್ಣು ಕೆಂಪಾಗಿದ್ದವು. "ಎಡಗೈ ಹಿಡಿದಿದ್ದರೆ ಒತ್ತುತ್ತಿರಲಿಲ್ಲ."

ಒಳಗೆ ಬಂದೆ. ಅಕ್ಕೋರ ತುಟಿ ಬಿಗಿಯಾಗಿ ಮುಚ್ಚಿದ್ದವು. ನುಂಗಿರಲಿಲ್ಲ. ಚಮಚದಲ್ಲಿ ನೀರು ತೆಗೆದುಕೊಂಡು ಬಾಯ ಹತ್ತಿರ ಹಿಡಿದೆ. ತೆರೆಯಲಿಲ್ಲ. ಅದನ್ನು ಉಗುಳುವುದು ಅವರಿಂದ ಸಾಯುವಾಗಲೂ ಆಗುವ ಕೆಲಸವಲ್ಲ. ಸುಳ್ಳಿನ ಮೇಲೆ ಬಂದದ್ದನ್ನು ನುಂಗುವುದೂ ಆಗದು. ಇಷ್ಟು ವರ್ಷ ಕಾದದ್ದು ಬಾಯೊಳಗಿತ್ತು, ಅವರು ಚಾವಣಿಯ ಕಡೆ ನೋಡುತ್ತ ಮಲಗಿದ್ದರು. ಇದು ಬೇಕೋ ಬೇಡವೋ ಅಕ್ಕೋರ ಎಂದು ಕೇಳಬೇಕೆನಿಸಿತು. ಕೇಳಿದರೂ ಅವರು ಏನು ಹೇಳಬಲ್ಲರು? ಎಡಗೈ ಚಾದರ ಬಿಟ್ಟು ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು. ಅಷ್ಟು ಬಲ ಉಳಿದಿದೆಯೆಂದು ನನಗೆ ಗೊತ್ತಿರಲಿಲ್ಲ.

ಎಷ್ಟು ಹೊತ್ತು ಹಾಗಿದ್ದೆವೋ. ಹೊರಗೆ ಮರದ ದಿಮ್ಮಿ ಹೊತ್ತ ಲಾರಿಗಳು ಹೋದವು, ನರ್ಸ್ ಬಂದು ಇಣುಕಿ ಹೋದಳು. ಕೊನೆಗೆ ಅಕ್ಕೋರು ಕಣ್ಣು ಮುಚ್ಚಿದರು. ತುಟಿ ಸ್ವಲ್ಪವೇ ಬಿಚ್ಚಿತು. ನಾನು ನೀರು ಹನಿಸಿದೆ. ಗಂಟಲು ಒಮ್ಮೆ ಏರಿ ಇಳಿಯಿತು. ನನ್ನ ಕೈಯನ್ನು ಮಾತ್ರ ಬಿಡಲಿಲ್ಲ.